ಕುಂಕುಮ ಇಟ್ಟ ಬೋಲ್ಟು

ಬಂಡೇಲಿರೋ ಬೋಲ್ಟ್ ಬಿಚ್ಚೋಕೆ ನಾನು ಹೋದ್ರೆ ಏನಾದ್ರೂ ಒಂದು ಎಡವಟ್ಟು ಆಗ್ಲೇಬೇಕು. ಆಗದೇ ಇದ್ದ ದಿನ ನಾನೇ ಸ್ವಲ್ಪ ಸೇರಿಸ್ತೀನಿ, ಅದು ಬೇರೆ ಮಾತು.

ಬೆಂಗಳೂರಲ್ಲಿ ಫಿಟ್ಟರ್ ಆಗಿ ರಿಟೈರ್ ಆದೋನು, ಈಗ ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿ ಮಗಳ ಮನೇಲಿದ್ದೀನಿ. ಅವಳಿಗೆ ಬಂಡೆ ಹತ್ತೋ ಹುಚ್ಚು. ಹಗ್ಗ ಸಿಕ್ಕಿಸೋಕೆ ಬಂಡೆಗೆ ಬೋಲ್ಟ್ ಹೊಡೆದಿರ್ತಾರೆ. ನಮ್ಮ ಕಾಡಿನ ಬಂಡೇಲಿ ಅವೆಲ್ಲ ತುಕ್ಕು ಹಿಡಿದಿದ್ವು. ಜಾಗದ ಯಜಮಾನಿ ಒಬ್ರು ಅಜ್ಜಿ. ಖಡಕ್ಕಾಗಿ ಹೇಳಿಬಿಟ್ರು: "ಹಳೇದೆಲ್ಲಾ ತೆಗೀರಿ, ಹೊಸದು ಹಾಕ್ಕೊಳ್ಳಿ. ಅಕ್ಟೋಬರಲ್ಲಿ ಬಂದು ನೋಡ್ತೀನಿ. ಒಂದೇ ಒಂದು ಹಳೇದು ಕಂಡ್ರೂ ಹತ್ತೋದು ಬಂದ್."

ಮಗಳ ಮುಖ ಸಪ್ಪಗಾಯ್ತು. ನಾನು ಸ್ಪ್ಯಾನರ್ ಕೈಗೆ ತಗೊಂಡೆ.

ತಿರುಗಿದ್ದು ಯಾರು?

ಬಂಡೆ ವಿಧಾನಸೌಧದಷ್ಟು ಎತ್ತರ. ಎರಡಂತಸ್ತಿನ ಮನೆಯಷ್ಟು ಅಂತಾಳೆ ಮಗಳು, ನಂಬಬೇಡಿ.

ಬಂಡೆ ಹತ್ತೋ ನಮ್ಮ ಗುಂಪಿನ ಲೀಡರು ಬೇಲೂರು ಕಂಬದಂಥ ಸ್ವೀಡಿಶ್ ಹುಡುಗ. ಬಿಚ್ಚಬೇಕಾದ ಬೋಲ್ಟಿಗೆಲ್ಲ ಕೆಂಪು ಚಾಕಲ್ಲಿ ಗುರುತು ಹಾಕಿದ್ದ. "ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸ್ತಾ ಎಳೀಬೇಕು," ಅಂದ.

"ಡ್ರಿಲ್ ಯಾಕಪ್ಪಾ? ನಾನಿದ್ದೀನಲ್ಲ!" ಅಂದು, ಬಂಡೆ ತುದಿಯ ಮರಕ್ಕೆ ಕಟ್ಟಿದ ಹಗ್ಗದಲ್ಲಿ ನೇತಾಡ್ತಾ ಎಲ್ಲಕ್ಕಿಂತ ಮೇಲಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಜಗ್ಗಿದೆ. ಬೋಲ್ಟ್ ಅಲ್ಲಾಡ್ಲಿಲ್ಲ. ನಾನು ಸುತ್ತಿದೆ. ಹೊಟ್ಟೆ ಬಂಡೆಗೆ ಉಜ್ಜಿಕೊಂಡು ಗಡಿಯಾರದ ಮುಳ್ಳಿನ ಥರ ಪೂರ್ತಿ ಒಂದು ರೌಂಡು. ಶರ್ಟೆಲ್ಲ ಕೆಂಪು.

"ಅದನ್ನ ಕೊನೆಗೆ ನೋಡೋಣ," ಅಂದ ಲೀಡರು.

ಕೆಳಗಿಂದ ಮಗಳು ಕೂಗಿದ್ಲು: "ಅಪ್ಪಾ, ನೀವು ಬೋಲ್ಟ್ ಬಿಚ್ತಿದ್ದೀರೋ, ಬೋಲ್ಟ್ ನಿಮ್ಮನ್ನ ಬಿಚ್ತಿದೆಯೋ?"

ಬಕೆಟ್ಟಿನಲ್ಲಿ ಫಿಕಾ

ಇನ್ನೊಂದು ಭಾನುವಾರ ಒಂದು ಬೋಲ್ಟ್ ಅರ್ಧ ಈಚೆ ಬಂದಿತ್ತು. ಅಷ್ಟರಲ್ಲಿ ಕೆಳಗಿಂದ "ಫಿಕಾ!" ಅಂತ ಕೂಗು. ಇಲ್ಲಿ ಕಾಫಿ ಹೊತ್ತು ಆಯ್ತು ಅಂದ್ರೆ ಭೂಮಿ ತಿರುಗೋದೂ ನಿಲ್ಲುತ್ತೆ.

"ಒಂದು ನಿಮಿಷ ಕಣ್ರೋ, ಬರ್ತಾ ಇದೆ!"

"ಅದು ಎಲ್ಲೂ ಹೋಗಲ್ಲ ಅಂಕಲ್. ಕಾಫಿ ಆರೋಗುತ್ತೆ."

ನಾನು ಇಳೀಲಿಲ್ಲ, ಹಟ. ಪಾಪ ಅಂತ ಬಕೆಟ್ಟಲ್ಲಿ ಏಲಕ್ಕಿ ಬನ್ನು ಇಟ್ಟು ಹಗ್ಗದಲ್ಲಿ ಮೇಲೆ ಕಳಿಸಿದ್ರು. ಹಿಂದಿನ ವಾರ ಬಿಚ್ಚಿದ ಬೋಲ್ಟೂ ಅದೇ ಬಕೆಟ್ಟಲ್ಲಿದ್ವು. ನೋಡದೇ ಕೈ ಹಾಕಿ, ಗಟ್ಟಿಯಾಗಿ ಕಚ್ಚಿದೆ.

ಆ ಭಾನುವಾರ ಬುಡಸಮೇತ ಕಿತ್ತು ಬಂದಿದ್ದು ನನ್ನ ಹಲ್ಲೊಂದೇ.

ಅಜ್ಜಿ ಬಂದ ದಿನ

ಅಜ್ಜಿ ಬರೋ ಹಿಂದಿನ ದಿನ ಆಯುಧಪೂಜೆ. ಹೊಸ ಬೋಲ್ಟೆಲ್ಲ ಫಿಟ್ ಆಗಿ ಫಳಫಳ ಹೊಳೀತಿದ್ವು. ಹೊಸ ಸ್ಕೂಟರ್‌ಗೆ ಪೂಜೆ ಮಾಡಲ್ವಾ, ಇವೇನು ಪಾಪ ಮಾಡಿದ್ವು? ಹತ್ತಿ, ಒಂದೊಂದಕ್ಕೂ ಕುಂಕುಮ ಇಟ್ಟೆ. "ಕರ್ಪೂರ ಮಾತ್ರ ಬೇಡಪ್ಪಾ, ಕಾಡಿಗೆ ಬೆಂಕಿ ಬೀಳುತ್ತೆ," ಅಂದ್ಲು ಹಗ್ಗ ಹಿಡಿದಿದ್ದ ಮಗಳು.

ಮಾರನೇ ಬೆಳಿಗ್ಗೆ ಉಳಿದ ಹಳೇ ಬೋಲ್ಟ್ ತೆಗೆಯೋಕೆ ಉಮೆಯೊ ಅನ್ನೋ ಊರಿಂದ ಸ್ಟೂಡೆಂಟ್ಸ್ ಬಂದ್ರು. ಲೀಡರು ಫೋನಲ್ಲೇ ಹೇಳಿದ್ನಂತೆ: "ಕೆಂಪು ಇರೋದೆಲ್ಲ ಕಿತ್ಹಾಕಿ."

ಒಳ್ಳೇ ಮಕ್ಕಳು. ಎಲ್ಲಾ ಕಿತ್ಹಾಕಿದ್ರು.

ನಾವು ಅಜ್ಜಿ ಜೊತೆ ಹೋಗಿ ನೋಡ್ತೀವಿ, ಹೊಸದು ಒಂದೂ ಇಲ್ಲ! ಕುಂಕುಮದ ಸಮೇತ ಎಲ್ಲಾ ಕೆಳಗೆ ಬಕೆಟ್ಟಲ್ಲಿವೆ. ಮೇಲೆ ಒಂದೇ ಒಂದು ತುಕ್ಕು ಬೋಲ್ಟ್ ಕೂತಿದೆ. ನನ್ನನ್ನ ಸುತ್ತಿಸಿದ್ದು. ಅದರ ಕೆಂಪು ಚಾಕೆಲ್ಲ ಅವತ್ತೇ ನನ್ನ ಶರ್ಟಿಗೆ ಉಜ್ಜಿ ಹೋಗಿತ್ತಲ್ಲ.

ಅಜ್ಜಿ ಕಲ್ಲಿನ ಮೇಲೆ ಕೂತು ಫ್ಲಾಸ್ಕ್ ತೆಗೆದ್ರು. "ನನ್ನ ಫಿಕಾ ಮುಗಿಯೋದ್ರೊಳಗೆ ಅದು ಕೆಳಗಿರಬೇಕು."

ಮಗಳು ನನ್ನ ಮುಖ ನೋಡಿದ್ಲು. ನಾನು, ಲೀಡರು ಹತ್ತಿದ್ವಿ. ಬಾಯಿ ಮುಚ್ಕೊಂಡು ಡ್ರಿಲ್ ಅವನ ಕೈಗೇ ಬಿಟ್ಟೆ. ಅವನು ತಿರುಗಿಸ್ದ, ನಾನು ಎಳೆದೆ. ಅವನು ಸ್ವೀಡಿಶಲ್ಲಿ ಬೈದ, ನಾನು ಕನ್ನಡದಲ್ಲಿ ಬೈದೆ. ಕನ್ನಡಕ್ಕೇ ಬಂತು ನೋಡಿ! ಟಣ್ ಅಂತ ಬಕೆಟ್ಟಿಗೆ ಬಿತ್ತು. ಅಜ್ಜಿ ಕೈಲಿ ಇನ್ನೂ ಅರ್ಧ ಬನ್ನಿತ್ತು.

"ಹತ್ಕೊಳ್ಳಿ," ಅಂದ್ರು. "ಹೊಸದು ವಾಪಸ್ ಹಾಕಿ. ಆದ್ರೆ ಮೊದ್ಲು ಈ ಮುದುಕನ ಹತ್ರ ಇರೋ ಕೆಂಪು ಪುಡಿ ಕಿತ್ಕೊಳ್ಳಿ."

ಮಗಳೇ ಜೇಬಿಗೆ ಕೈ ಹಾಕಿ ಕುಂಕುಮದ ಡಬ್ಬಿ ತಗೊಂಡ್ಲು.

ಅರಿಶಿನ ಇನ್ನೊಂದು ಜೇಬಲ್ಲಿತ್ತು.