ಟ್ಯಾಂಕ್ ಆಯ್ತೇನ್ರೀ?

ನಂಜನಗೂಡಿನ ಅಮೃತೇಶನ ಕೈ ಅಂದರೆ ಸಾಮಾನ್ಯ ಕೈಯಲ್ಲ! ತಾಲ್ಲೂಕು ಕಚೇರಿಯಲ್ಲಿ ಹದಿನೆಂಟು ವರ್ಷ ಮೊಹರು ಒತ್ತಿದ ಕೈ. ಒಂದು ಮೊಹರೂ ಕೂದಲೆಳೆಯಷ್ಟು ಓರೆಯಾದದ್ದಿಲ್ಲ. ಇಂಥ ಕೈಯನ್ನು ಮಾವ ಶಿವಮಲ್ಲಪ್ಪನವರು ಟಿ. ನರಸೀಪುರದ ತಮ್ಮ ಮನೆಯಲ್ಲಿ, ಊಟದ ಎಲೆಯ ಮುಂದೆ, ಎಲ್ಲರೆದುರು ಹಂಗಿಸಿಬಿಟ್ಟರು.

"ನಮ್ ಅಳಿಯಂದ್ರು ಗೋಡೆಗೆ ಮೊಳೆ ಒಡುದ್ರೆ ನೀರಿನ ಪೈಪೇ ಒಡ್ದೋಯ್ತದೆ!"

ಅದು ಒಂದೇ ಸಲ ಆದದ್ದು. ಆದರೂ ಅಮೃತೇಶನಿಗೆ ರೋಷ ಉಕ್ಕಿತು. ಮಾವ ಸೈನ್ಯದಲ್ಲಿ ಹದಿನೈದು ವರ್ಷ ಯುದ್ಧದ ಟ್ಯಾಂಕ್ ಓಡಿಸಿದವರು. "ಮಾವ, ಮುಂದಿನ ಭಾನುವಾರ ನಿಮಗೆ ಎಪ್ಪತ್ತೈದು ತುಂಬುತ್ತಲ್ಲ, ಅವತ್ತು ನಿಮ್ಮ ಟ್ಯಾಂಕನ್ನೇ ಮಾಡಿ ತಂದು ನಿಮ್ಮ ಕೈಗಿಡ್ತೀನಿ!" ಎಂದು ಘೋಷಿಸಿಬಿಟ್ಟ.

ಎಲ್ಲರೂ ನಕ್ಕರು. ಮಾವ ಮಾತ್ರ ನಗಲಿಲ್ಲ. ಅನ್ನ ಕಲೆಸುತ್ತಿದ್ದ ಕೈ ನಿಂತಿತು. "ನನ್ದಾ? ನಂಬರ್ ಸಮೇತನಾ?" ಎಂದು ಮೆಲ್ಲಗೆ ಕೇಳಿದರು. ಕೈ ತೊಳೆದು ಬಂದವರೇ ಒಂದು ಚೀಟಿಯಲ್ಲಿ ಐದು ಅಂಕಿ ಬರೆದುಕೊಟ್ಟರು. ನಲವತ್ತು ವರ್ಷದ ಹಿಂದಿನ ನಂಬರು, ಯೋಚಿಸದೇ ಬರೆದರು. ಆ ಚೀಟಿ ಜೇಬಿಗೆ ಇಳಿದ ಕ್ಷಣದಿಂದ ಅಮೃತೇಶನ ಎದೆ ಢವಢವ ಶುರುವಾಯಿತು.

ಆನ್‌ಲೈನಿನಲ್ಲಿ ತರಿಸಿದ ಡಬ್ಬಿ ಬುಧವಾರ ಬಂತು. ಒಳಗೆ ಇನ್ನೂರ ತೊಂಬತ್ತು ಪ್ಲಾಸ್ಟಿಕ್ ಚೂರು! ಡಬ್ಬಿಯ ಮೇಲೆ ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಎಂದಿತ್ತು.

"ನಿಮಗಲ್ಲ ಬಿಡಿ ಇದು," ಎಂದಳು ಹೆಂಡತಿ ರಮ್ಯ.

"ನನಗೆ ನಲವತ್ನಾಲ್ಕು ಕಣೇ!"

"ವಯಸ್ಸಿನ ಮಾತು ನಾನೆಲ್ಲಿ ಆಡ್ದೆ?"

ಎರಡು ದಿನ ಕಚೇರಿಗೆ ರಜೆ ಹಾಕಿದ. ಮೊದಲ ದಿನ ಟ್ಯಾಂಕಿಗಿಂತ ಹೆಚ್ಚು ಅವನ ಬೆರಳುಗಳೇ ಒಂದಕ್ಕೊಂದು ಅಂಟಿಕೊಂಡವು. ಕಣ್ಣಿಗೂ ಕಾಣದ ಒಂದು ಕೊಕ್ಕೆ ನೆಲಕ್ಕೆ ಬಿದ್ದು, ಮನೆಯವರೆಲ್ಲ ಮಂಡಿಯೂರಿ ಹುಡುಕಿದ ಮೇಲೆ ಅವನದೇ ಮೀಸೆಯಲ್ಲಿ ಸಿಕ್ಕಿತು. ಅಂತೂ ಶನಿವಾರ ಮಧ್ಯಾಹ್ನಕ್ಕೆ ಟ್ಯಾಂಕ್ ಎದ್ದು ನಿಂತಿತು! ಹಸಿರು ಬಣ್ಣ ಬಳಿದ. ನೀರಿನಲ್ಲಿ ನೆನೆಸಿ ಅಂಟಿಸುವ ಅಂಕಿಗಳನ್ನು ಉಸಿರು ಬಿಗಿಹಿಡಿದು ಒಂದೊಂದಾಗಿ ಜೋಡಿಸಿದ. ಮಾವನ ನಂಬರು! ಒಣಗಲೆಂದು ತಾರಸಿಗೆ ಒಯ್ದು, ಬಿಸಿಲು ನೇರ ಬೀಳದ ಜಾಗ ನೋಡಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಇಟ್ಟು, ಕೆಳಗಿಳಿದು ಬಣ್ಣದ ಸಾಮಾನು ತೊಳೆಯುತ್ತ ಕುಳಿತ.

ಅಡುಗೆಮನೆಯಿಂದ ರಮ್ಯ ಕೂಗಿದಳು. "ರೀ, ಟ್ಯಾಂಕ್ ಆಯ್ತೇನ್ರೀ?"

"ಇನ್ನೂ ಇಲ್ಲ ಕಣೇ!"

ಕಾಲು ಗಂಟೆ ಕಳೆಯಿತು. "ರೀ, ಈಗಾದ್ರೂ ಆಯ್ತಾ?"

"ಇನ್ನೊಂದರ್ಧ ಗಂಟೆ ಬೇಕು. ಅವಸರ ಮಾಡ್ಬೇಡ!"

"ಅರ್ಧ ಗಂಟೆನಾ? ಮೋಟ್ರು ಹಾಕಿ ಆಗ್ಲೇ ಮುಕ್ಕಾಲು ಗಂಟೆ ಆಯ್ತಲ್ರೀ!"

ಮೋಟ್ರು! ಅಮೃತೇಶ್ ಮೆಟ್ಟಿಲು ಹತ್ತಿದ ವೇಗ ಸೈನ್ಯಕ್ಕೆ ಸೇರಲು ಸಾಲುವಂತಿತ್ತು. ದೊಡ್ಡ ಟ್ಯಾಂಕ್ ತುಂಬಿ ಧೋ ಎಂದು ಸಣ್ಣ ಟ್ಯಾಂಕಿನ ನೆತ್ತಿಗೆ ಸುರಿಯುತ್ತಿತ್ತು. ಐದು ಅಂಕಿಗಳೂ ಮೆರವಣಿಗೆ ಹೊರಟು, ಅವನ ಕಣ್ಣೆದುರೇ ಮಳೆನೀರಿನ ಕೊಳವೆಯೊಳಗೆ ಇಳಿದುಹೋದವು. ಬೇರೆ ಅಂಕಿಗಳು ಡಬ್ಬಿಯಲ್ಲಿ ಇರಲಿಲ್ಲ. ಅಲ್ಲೇ ಒದ್ದೆ ತಾರಸಿಯ ಮೇಲೆ ಕುಳಿತುಬಿಟ್ಟ. ಅನ್ನ ಕಲೆಸುವುದನ್ನು ನಿಲ್ಲಿಸಿದ ಆ ಮುದಿ ಕೈ ಕಣ್ಣ ಮುಂದೆ ಬಂತು.

"ಬೇಗ ಒಣಗುತ್ತೆ ತಗೊಳ್ಳಿ," ಎಂದು ರಮ್ಯ ಕೂದಲು ಒಣಗಿಸುವ ಡ್ರೈಯರ್ ಕೊಟ್ಟಳು. ಒಣಗೇನೋ ಒಣಗಿತು. ಜತೆಗೆ ಬಿಸಿಗಾಳಿಗೆ ಫಿರಂಗಿಯ ನಳಿಗೆ ಮೆತ್ತಗಾಗಿ ನೆಲದತ್ತ ಬಗ್ಗಿತು!

"ಪರವಾಗಿಲ್ಲ ರೀ, ಅಪ್ಪಾಜಿಗೆ ನಮಸ್ಕಾರ ಮಾಡ್ತಾ ಇದೆ ಅಂತ ಹೇಳೋಣ."

ಭಾನುವಾರ ಬೆಳಿಗ್ಗೆ ಕಲೆಗಳ ಮೇಲೆ ಮತ್ತೊಮ್ಮೆ ಬಣ್ಣ ಬಳಿದು, ಹಜಾರದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದ. ಬಂದು ನೋಡಿದರೆ, ಟ್ಯಾಂಕಿನ ಹಣೆಗೆ ಅಡ್ಡಡ್ಡ ಮೂರು ಬಿಳಿ ಪಟ್ಟೆ! ಅವ್ವ ಚನ್ನಾಜಮ್ಮ ಶಿವಪೂಜೆ ಮುಗಿಸಿ ಬಂದವಳು, ಹಸಿ ಬಣ್ಣದ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಒಂದು ಕಣಗಲೆ ಹೂವನ್ನೂ ಸಿಕ್ಕಿಸಿ, ಕೈ ಮುಗಿದು ನಿಂತಿದ್ದಳು.

"ಅವ್ವಾ! ಏನವ್ವಾ ಇದು!"

"ಇನ್ನೇನ್ಲಾ? ಒಸ ಗಾಡಿನ ಈಬೂತಿ ಇಕ್ಕದೆ ಆಚ್ಗೆ ಕಳ್ಸಕಾದದಾ? ನಿಂಬೆಅಣ್ಣು ಇದ್ದಿದ್ರೆ ಚಕ್ರಕ್ಕೂ ಮಡಗ್ತಿದ್ದೆ."

ಒರೆಸಿದ. ವಿಭೂತಿ ಹೋಗಲಿಲ್ಲ, ಬಣ್ಣ ಎದ್ದುಬಂತು! ಇನ್ನೊಮ್ಮೆ ಒರೆಸಿದ. ಪಟ್ಟೆ ಬಣ್ಣದೊಳಗೇ ಕಚ್ಚಿಕೊಂಡಿತ್ತು. ಗಂಟೆ ಹತ್ತಾಗಿತ್ತು. ರಮ್ಯ ಬೀಗದ ಕೈ ಹಿಡಿದು ಬಾಗಿಲಿನಿಂದ ಕೇಳಿದಳು. "ರೀ, ಹೊರಡೋಣ. ಟ್ಯಾಂಕ್ ನೋಡಿದ್ರಾ?"

"ನೋಡ್ದೆ ಕಣೇ," ಎಂದ ಅಮೃತೇಶ್, ಅಳು ಬರುವಂತಾಗಿ. "ಚೆನ್ನಾಗೇ ನೋಡ್ದೆ."

ಕಾರು ಹತ್ತಿದರೆ ತಲೆಸುತ್ತು ಬರುವ ಅವ್ವ ಮನೆಯಲ್ಲೇ ಉಳಿದಳು. ದಾರಿಯುದ್ದಕ್ಕೂ ಟ್ಯಾಂಕ್ ರಮ್ಯಳ ತೊಡೆಯ ಮೇಲೆ, ಸ್ಟೀಲ್ ಡಬರಿಯೊಳಗೆ, ಟವೆಲ್ಲಿನ ಹಾಸಿಗೆಯಲ್ಲಿ ಪಯಣಿಸಿತು. ರಸ್ತೆಯ ಉಬ್ಬು ಬಂದಾಗಲೆಲ್ಲ ಅಮೃತೇಶ್ ಬಸುರಿಯನ್ನು ಕೂರಿಸಿಕೊಂಡವನಂತೆ ಬ್ರೇಕ್ ಒತ್ತುತ್ತಿದ್ದ. ಏನು ಹೇಳಲಿ? ಕೊರಿಯರ್‌ನವರು ಹಾಳು ಮಾಡಿದರು ಅನ್ನಲೇ? ನಂಬರು ಸೇನಾ ರಹಸ್ಯ ಅನ್ನಲೇ?

ಶಿವಮಲ್ಲಪ್ಪನವರು ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು, ಪದಕವನ್ನೂ ಸಿಕ್ಕಿಸಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದರು! ಅದನ್ನು ಕಂಡು ಅಮೃತೇಶನಿಗೆ ಕಾರು ತಿರುಗಿಸಿಕೊಂಡು ಓಡಿಬಿಡೋಣ ಅನ್ನಿಸಿತು. ಮಾವ ಕನ್ನಡಕ ಏರಿಸಿ, ಟ್ಯಾಂಕನ್ನು ಅಂಗೈ ಮೇಲಿಟ್ಟು ತಪಾಸಣೆ ಶುರುಮಾಡಿದರು.

"ಬಣ್ಣ ಇದಲ್ಲ. ಚಕ್ರದ ಸರಪಳಿ ಉಲ್ಟಾ ಅದೆ. ನಳಿಗೆಗೆ ಏನ್ ಕಾಯ್ಲೆ ಬಂದದೆ? ನಂಬರೆಲ್ಲಿ ಅಳಿಯಂದ್ರೇ?"

ಅಮೃತೇಶ್ ಕೊರಿಯರ್‌ನವರ ಕಥೆ ಶುರುಮಾಡಲು ಬಾಯಿ ತೆರೆದ. ಅಷ್ಟರಲ್ಲಿ ಮಾವನ ಹೆಬ್ಬೆರಳು ವಿಭೂತಿ ಪಟ್ಟೆಯ ಮೇಲೆ ಬಂದು ನಿಂತಿತು.

"ಇದು ನಿಮ್ಗೆ ಯಾರ್ ಹೇಳುದ್ರು?" ಮಾವ ತಲೆ ಎತ್ತದೇ ಕೇಳಿದರು. "ನಮ್ಮವ್ವ ಊರಿಂದ ಈಬೂತಿ ಗಟ್ಟಿ ಕಳುಸ್ತಿದ್ಲು. ದಿನಾ ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಮಾಡೋಕ್ ಮುಂಚೆ ಇದೇ ಜಾಗಕ್ಕೆ ಇಕ್ತಿದ್ದೆ. ಸಾಹೇಬ್ರು ನೋಡಿದ್ರೂ ನೋಡ್ದಂಗೆ ಓಯ್ತಿದ್ರು. ಮನೇಲಿ ಯಾರ್ಗೂ ಏಳಿರ್ನಿಲ್ಲ. ನಂಬರ್ ಯಾಕ್ರೀ ಬೇಕು? ಇದು ನನ್ ಗಾಡಿನೇ!"

ಕಣ್ಣೀರು ಕನ್ನಡಕದ ಕೆಳಗಿಳಿಯಿತು. ಅಮೃತೇಶನ ಎದೆ ಒಮ್ಮೆಗೇ ಹಗುರಾಗಿ, ಹಿಂದೆಯೇ ಉಬ್ಬಿತು. "ಅದು ಮಾವ, ಸ್ವಲ್ಪ ಅಧ್ಯಯನ ಮಾಡಿದ್ದೆ..."

"ಅತ್ತೆ ಬಳಿದಿದ್ದು ಅಪ್ಪಾಜಿ," ಎಂದಳು ರಮ್ಯ. "ಇವರು ಬೆಳಿಗ್ಗೆಯಿಂದ ಒರೆಸ್ತಾನೇ ಇದ್ರು."

"ಅಂಗೇಳು ಮತ್ತೆ!" ಎಂದು ಮಾವ ಆಗಲೇ ಬೀಗಿತ್ತಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿದರು. "ಚನ್ನಾಜಮ್ನೋರೇ, ಟ್ಯಾಂಕು ಬಾಳ ಚೆಂದಾಗದೆ ಕಣ್ರವ್ವಾ!"

"ಚೆಂದ ಎಲ್ಬಂತು ಬೀಗ್ರೇ!" ಆ ಕಡೆಯಿಂದ ಚನ್ನಾಜಮ್ಮ ಕಿರುಚಿದಳು. "ಒಂದ್ ಗಂಟೆಯಿಂದ ತುಂಬಿ ಬೀದಿಗೆಲ್ಲ ಅರೀತಾ ಅದೆ! ಮೋಟ್ರು ಸ್ವಿಚ್ಚು ಯಾವ್ದು ಅಂತ ನಿಮ್ಮಳಿಯನ್ನ ವಸಿ ಕೇಳಿ!"

ರಮ್ಯ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ಟ್ಯಾಂಕ್ ನೋಡ್ದೆ ಅಂದ್ರಲ್ರೀ?"

ಅಮೃತೇಶ್ ಮತ್ತೊಮ್ಮೆ ಟ್ಯಾಂಕ್ ನೋಡಿದ. ಅದು ತಲೆ ಬಗ್ಗಿಸಿಕೊಂಡಿತ್ತು. ಅವನೂ ಬಗ್ಗಿಸಿದ.