ರೋಡ್ ಬೈಕ್ ಮೇಲೆ ಹಾಲಿನ ಸವಾರಿ

ರೋಡ್ ಬೈಕ್ ಎಂಬ ಸೈಕಲ್ಲು ನಮ್ಮ ಗುಂಡಿ ರಸ್ತೆಗಳನ್ನು ತಾಳುತ್ತದೆಯೇ? ಈ ಗಹನವಾದ ಪ್ರಶ್ನೆಗೆ ಇಡೀ ಕೋಲಾರ ತಾಲ್ಲೂಕಿನಲ್ಲಿ ಅಧಿಕಾರವಾಣಿಯಿಂದ ಉತ್ತರಿಸಬಲ್ಲವನು ನಾನೊಬ್ಬನೇ. ತಾಳುತ್ತದೆ. ಸೈಕಲ್ಲು ತಾಳುತ್ತದೆ.

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಲಕ್ಕೂರು ಕಡೆಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದ ಮೇಲೂ ಕಾಲು ಕುಣಿಯುತ್ತಲೇ ಇರುತ್ತದೆ. ಈ ಚಡಪಡಿಕೆಗೆ ಮದ್ದೆಂದು ಜೊತೆಯಲ್ಲಿ ಕೆಲಸ ಮಾಡುವವನಿಂದ ಹಳೆಯದೊಂದು ರೋಡ್ ಬೈಕ್ ಕೊಂಡೆ. ಬಾಗಿದ ಹ್ಯಾಂಡಲ್, ಬೆರಳು ದಪ್ಪದ ಟೈರು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ಪಕ್ಕದ ಮನೆಯ ಮುನಿಯಪ್ಪ ಟೈರನ್ನು ಹಿಸುಕಿ ನೋಡಿ, ವಕ್ಕಲೇರಿ ರಸ್ತೆಯ ಮೊದಲನೇ ಗುಂಡಿಗೇ ಚಕ್ರ ಬೆಂಡಾಗುತ್ತದೆ ಎಂದ. ಆ ಮಾತು ನನ್ನ ನಿದ್ದೆ ಕೆಡಿಸಿತು.

ಆ ವಾರವೇ ನಮ್ಮೂರ ಮಹಿಳಾ ಡೇರಿಯ ಚುನಾವಣೆ. ನನ್ನ ಹೆಂಡತಿ ನಾಗವೇಣಿ ನಿಂತಿದ್ದಳು. ಅವಳ ಬಂಡವಾಳ ಒಂದೇ: ಊರಿಗೆಲ್ಲ ಅವಳ ಹಾಲಿನಲ್ಲೇ ಫ್ಯಾಟ್ ಜಾಸ್ತಿ. ಒಂದು ದಿನ ಬೆಳಗ್ಗೆಯೇ ವೋಟು ಕೇಳಲು ಹೊರಟವಳು ಅರ್ಧ ತುಂಬಿದ ಹಾಲಿನ ಕ್ಯಾನನ್ನು ನನ್ನ ಕೈಗಿಟ್ಟು ಹೇಳಿದಳು:

“ನಡ್ಕೊಂಡೇ ಹೋಗ್ರೀ. ಆ ಸೈಕಲ್ ಮುಟ್ಬೇಡಿ.”

ಮುಟ್ಟಿದೆ! ಕ್ಯಾನನ್ನು ಬೆನ್ನಿನ ಬ್ಯಾಗಿಗೆ ಇಳಿಸಿ ಜಿಪ್ ಎಳೆದೆ. ಡೇರಿ ಇರುವುದು ಪಕ್ಕದ ಬೀದಿಯಲ್ಲಿ. ಆದರೆ ಹಾಲಿನ ವ್ಯಾನ್ ಬರಲು ಇನ್ನೂ ಹೊತ್ತಿತ್ತು, ಮುನಿಯಪ್ಪ ಜಗುಲಿಯ ಮೇಲೆ ಕೂತು ನೋಡುತ್ತಿದ್ದ. ಡೇರಿಯ ಕಡೆ ತಿರುಗದೆ ವಕ್ಕಲೇರಿ ರಸ್ತೆಗೇ ಹೊರಟೆ.

ಟೊಮೇಟೊ ಲಾರಿಗಳು ಉತ್ತು ಬಿಟ್ಟ ರಸ್ತೆ ಅದು. ಒಂದು ಗುಂಡಿ ತಪ್ಪಿಸಿದರೆ ಮುಂದೆ ಅದರ ತಮ್ಮ ಕಾದಿರುತ್ತಿದ್ದ. ಹಲ್ಲು ಕಟಕಟ ಎಂದವು. ಕನ್ನಡಕ ಬಾಯಿಗೆ ಬಂತು. ಬೆನ್ನ ಮೇಲೆ ಕ್ಯಾನ್ ಗುಳುಗುಳು ಎನ್ನುತ್ತಿತ್ತು. ಚಕ್ರ ಮಾತ್ರ ಬೆಂಡಾಗಲಿಲ್ಲ, ಗಾಳಿಯೂ ಇಳಿಯಲಿಲ್ಲ. ಖುಷಿ ತಡೆಯಲಾರದೆ ಇನ್ನೊಂದು ಸುತ್ತು ಹೊಡೆದೆ!

ಡೇರಿಯಲ್ಲಿ ಹೆಂಗಸರ ಸಾಲು. ಯುದ್ಧ ಗೆದ್ದವನ ಗತ್ತಿನಲ್ಲಿ ಕ್ಯಾನ್ ಕೊಟ್ಟೆ. ಸೆಕ್ರೆಟರಿ ಸರೋಜಮ್ಮ ಸ್ವಲ್ಪ ಹಾಲು ತೆಗೆದು ಫ್ಯಾಟ್ ಅಳೆಯುವ ಮಿಷನ್ನಿಗೆ ಇಟ್ಟರು, ಅಂಕಿ ನೋಡಿದರು, ನಂಬದೆ ಮತ್ತೆ ಇಟ್ಟರು. ಆಮೇಲೆ ದನಿ ತಗ್ಗಿಸಿ, “ಏನಣ್ಣಾ, ಕೆನೆ ತೆಗ್ದು ತಂದಿದ್ದೀರಾ?” ಎಂದರು.

ತಗ್ಗಿಸಿದ ದನಿ ಸಾಲಿನ ತುದಿಯವರೆಗೂ ಕೇಳಿಸಿತು. ವೋಟು ಕೇಳುವವಳ ಮನೆಯ ಹಾಲಿನಲ್ಲೇ ಮೋಸ! ಚುನಾವಣೆಯಲ್ಲಿ ಎದುರು ನಿಂತವಳ ನಾದಿನಿ ಆಗಲೇ ಫೋನನ್ನು ಕಿವಿಗಿಟ್ಟಿದ್ದಳು. ನಾನು ಬೆವರುತ್ತಾ, ತೊದಲುತ್ತಾ ದೇವರಾಣೆ ಇಟ್ಟೆ. ಯಾರೂ ನಂಬಲಿಲ್ಲ.

ಸುದ್ದಿ ಕೇಳಿ ನಾಗವೇಣಿ ಓಡಿ ಬಂದಳು. ನನ್ನ ಬೆನ್ನಿನ ಬ್ಯಾಗನ್ನು ನೋಡಿದಳು, ಗೋಡೆಗೆ ಒರಗಿದ್ದ ಸೈಕಲ್ಲನ್ನು ನೋಡಿದಳು. ಕ್ಯಾನಿನ ಮುಚ್ಚಳವನ್ನು ತಿರುವಿ ಎಲ್ಲರಿಗೂ ತೋರಿಸಿದಳು. ಒಳಗೆಲ್ಲ ಬೆಣ್ಣೆ ಅಂಟಿತ್ತು.

“ಕೆನೆ ಎಲ್ಲೂ ಹೋಗಿಲ್ಲ ಸರೋಜಕ್ಕ. ನಮ್ಮನೆಯವ್ರು ಕಡೆದು ತಂದವ್ರೆ.”

ಸಾಲಿಗೆ ಸಾಲೇ ನಕ್ಕಿತು. ಹಾಲು ವಾಪಸಾಯಿತು. ಮನೆಯಲ್ಲಿ ಮಾತು ಬಂದ್ ಆಯಿತು. ಅವಳು ಸೋತರೆ ಯಾವ ಮುಖ ಇಟ್ಟುಕೊಂಡು ಬದುಕಲಿ ಎಂದು ಚುನಾವಣೆಯವರೆಗೂ ಅಂಗಳದಲ್ಲಿ ಶತಪಥ ಹಾಕಿದೆ. ನಿಜವಾಗಿಯೂ ಭಯವಾಗಿತ್ತು.

ಗೆದ್ದಳು. ಎಲ್ಲರಿಗಿಂತ ಹೆಚ್ಚು ವೋಟು! ಹಾರ ಹಿಡಿದು ಹೋದ ನಾನು, ಅಷ್ಟೆಲ್ಲಾ ಆದ ಮೇಲೂ ಇದು ಹೇಗೆ ಸಾಧ್ಯವಾಯಿತೆಂದು ಸರೋಜಮ್ಮನವರನ್ನು ಮೆಲ್ಲಗೆ ಕೇಳಿದೆ.

“ಎಲ್ರೂದೂ ಒಂದೇ ಮಾತು ಅಣ್ಣಾ. ನಿಮ್ಮನ್ನ ಕಟ್ಕೊಂಡು ಸಂಸಾರ ಮಾಡ್ತಾವ್ಳೆ, ಡೇರಿ ನಡ್ಸೋದು ಅವ್ಳಿಗೆ ಯಾವ ಲೆಕ್ಕ ಅಂದ್ರು.”