ಐದು ವರ್ಷದೊಳಗಿನವರಿಗೆ ಮಾತ್ರ

ಏನನ್ನು ಕಂಡರೂ ವಿಂಗಡಿಸುವ ಕಾಯಿಲೆಯೊಂದು ನನಗಿದೆ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳುತ್ತ ನಾಮಪದ, ಕ್ರಿಯಾಪದ, ಅವ್ಯಯ ಎಂದು ಬೇರ್ಪಡಿಸಿದ್ದರ ಫಲವಿರಬೇಕು. ಮನೆಯ ಉಪ್ಪಿನಕಾಯಿ ಭರಣಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದ್ದೇನೆ. ನನಗೂ ಒಂದು ಅಂಟಿಸಿಬಿಡು ಎಂದು ನಮ್ಮ ಯಜಮಾನರು ಒಮ್ಮೆ ಬೆನ್ನು ತಿರುಗಿಸಿ ನಿಂತಿದ್ದರು. ಯಾವ ವರ್ಗಕ್ಕೆ ಸೇರಿಸುವುದೆಂದು ತೋಚದೆ ಹಾಗೇ ಬಿಟ್ಟಿದ್ದೇನೆ.

ಈ ಖ್ಯಾತಿ ಕುಶಾಲನಗರದ ನಮ್ಮ ಬೀದಿಯ ಮುತ್ತಣ್ಣನವರ ಕಿವಿಗೂ ಬಿದ್ದಿತ್ತು. ಅವರದು ಸ್ಥಳೀಯ ಕೇಬಲ್ ಟಿವಿ. ಅವರ ತಂತಿ ಪಾಲಿಬೆಟ್ಟದ ಎಸ್ಟೇಟುಗಳವರೆಗೂ ಹೋಗುತ್ತದೆ. ಬೆಂಗಳೂರಿನ ವಿತರಕರು ಮಕ್ಕಳ ಕಾರ್ಯಕ್ರಮಗಳನ್ನು ಮೂಟೆ ಕಟ್ಟಿದಂತೆ ಒಟ್ಟಿಗೆ ಕಳಿಸುತ್ತಿದ್ದರು. ಮುತ್ತಣ್ಣ ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು. ಹೀಗಾಗಿ ಜೋಗುಳದ ಬೆನ್ನಿಗೇ ಜ್ವಾಲಾಮುಖಿ ಬರುತ್ತಿತ್ತು. ಸ್ವಲ್ಪ ಸರಿಮಾಡಿಕೊಡಿ ಟೀಚರೇ ಎಂದು ಅವರು ಕೇಳಿದ್ದೇ ತಡ, ನಾನು ಗೆರೆಪಟ್ಟಿ ಹಿಡಿದು ಕೂತೆ. ಐದು ವರ್ಷದೊಳಗೆ, ಆರರಿಂದ ಎಂಟು, ಒಂಬತ್ತರಿಂದ ಹನ್ನೆರಡು. ಕಲಿಕೆ, ಮನರಂಜನೆ, ಎರಡೂ ಅಲ್ಲದ ಗದ್ದಲ. ಗಿಳಿಯೊಂದು ಅಕ್ಷರ ಕಲಿಸುವ ಕಾರ್ಯಕ್ರಮ ಮಾತ್ರ ದಿನಾ ಸಂಜೆ ಐದಕ್ಕೆ ಬರುತ್ತಿತ್ತು. ಅಷ್ಟು ಚಿಕ್ಕವರಿಗೆ ಶಾಲೆಯಿಲ್ಲ, ಬೆಳಗ್ಗೆ ಹತ್ತಕ್ಕೇ ನೋಡಲಿ ಎಂದು ಎತ್ತಿ ಅಲ್ಲಿಗಿಟ್ಟೆ. ಜನಕ್ಕೆ ಐದು ಗಂಟೆ ರೂಢಿಯಾಗಿದೆಯಲ್ಲ ಎಂದು ಮುತ್ತಣ್ಣ ತಲೆ ಕೆರೆದುಕೊಂಡರು. ನೋಡುವವರು ಜನ ಅಲ್ಲ, ಮಕ್ಕಳು ಎಂದು ತಿದ್ದಿದೆ.

ವಾರ ಕಳೆದಿರಲಿಲ್ಲ. ಶನಿವಾರ ಮಧ್ಯಾಹ್ನ ಅವರ ಆಫೀಸಿನಲ್ಲಿ ಕೂತಿದ್ದಾಗ ಫೋನು ಬಂತು, ನಾನೇ ಎತ್ತಿದೆ. ಪಾಲಿಬೆಟ್ಟದ ಕಡೆಯ ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಪಾರ್ವತಿ ಎಂಬ ಹೆಂಗಸು. ತಮಿಳಿನ ರಾಗದಲ್ಲಿ ಕನ್ನಡ.

"ಮೇಡಂ, ಗಿಳಿ ಎಲ್ಲಿ ಹೋಯ್ತು?"

ಬೆಳಗ್ಗೆ ಹತ್ತಕ್ಕೆ ಬರುತ್ತದೆ ಎಂದೆ. ಆ ಹೊತ್ತಿಗೆ ತೋಟದಲ್ಲಿ ಕಾಫಿ ಪಿಕ್ಕಿಂಗಲ್ಲಿ ಇರುತ್ತೇನೆ ಎಂದಳು. ನೀವು ಕೆಲಸಕ್ಕೆ ಹೋದರೇನು, ಮಗು ಮನೆಯಲ್ಲೇ ಇರುತ್ತದಲ್ಲ, ಎಷ್ಟು ವಯಸ್ಸು ಎಂದು ಕೇಳಿದೆ.

"ಮಗಳು ಎಂಟನೇ ಕ್ಲಾಸು ಮೇಡಂ. ಗಿಳಿ ನೋಡೋದು ನಾನು."

ನನ್ನ ಕೋಷ್ಟಕದಲ್ಲಿ ತಾಯಿಯ ವಯಸ್ಸಿಗೆ ಮನೆಯೇ ಇರಲಿಲ್ಲ. ಅವಳು ತಾನಾಗಿಯೇ ವಿವರಿಸಿದಳು. ಶಾಲೆಯ ಡೈರಿಯನ್ನು ಮಗಳೇ ಓದಿ ಹೇಳುತ್ತಾಳಂತೆ, ಇವಳು ಕೇಳಿ ರುಜು ಹಾಕುತ್ತಾಳಂತೆ. ಟೀಚರು ವರ್ಷವಿಡೀ ಹೊಗಳುತ್ತಲೇ ಇದ್ದಾರಂತೆ.

"ಅವಳು ಓದಿದ್ದೇ ಅಲ್ಲಿ ಬರೆದಿದೆಯಾ ಅಂತ ನಂಗೆ ಗೊತ್ತಾಗ್ಬೇಕಲ್ವಾ ಮೇಡಂ?"

ಎಷ್ಟೋ ಡೈರಿಗಳಲ್ಲಿ ಕೆಂಪು ಶಾಯಿಯಿಂದ ಬರೆದು, ಕೆಳಗಿನ ರುಜು ನೋಡಿ, ತಂದೆ ತಾಯಿಗೆ ಕಾಳಜಿಯೇ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಗೊಣಗಿದವಳು ನಾನು. ಮತ್ತೆ ಐದಕ್ಕೇ ಹಾಕಿಸುತ್ತೇನೆ ಎಂದೆ. ಸೋಮವಾರದಿಂದಲೇ ಗಿಳಿ ಸಂಜೆ ಐದಕ್ಕೆ ಮರಳಿತು. ಪ್ರಾಯಶ್ಚಿತ್ತವೆಂಬಂತೆ ಪರದೆಯ ಕೆಳಗೆ ಓಡುವ ‘ಐದು ವರ್ಷದೊಳಗಿನವರಿಗೆ ಮಾತ್ರ’ ಎಂಬ ಸಾಲನ್ನೂ ಬದಲಿಸಿ, ‘ಎಲ್ಲ ವಯಸ್ಸಿನವರಿಗೂ ವಿಶೇಶ ಕಾರ್ಯಕ್ರಮ’ ಎಂದು ನಾನೇ ಟೈಪು ಮಾಡಿದೆ. ಎಂಥ ವಿಶಾಲ ಹೃದಯ ನನ್ನದು ಎಂದು ಒಳಗೊಳಗೇ ಬೀಗಿದೆ.

ಎರಡು ತಿಂಗಳ ಮೇಲೆ ಮುತ್ತಣ್ಣ ಒಂದು ಅಂಚೆ ಕಾರ್ಡು ತಂದುಕೊಟ್ಟರು. ದಪ್ಪ ದಪ್ಪ, ಬಿಡಿಬಿಡಿ ಅಕ್ಷರ. ಡೈರಿಯಲ್ಲಿ ಮಗಳು ಓದದೆ ಹಾರಿಸಿದ ಸಾಲು ಸಿಕ್ಕಿತೆಂದೂ, ಅದು ‘ಮನೆಪಾಠ ಮಾಡಿಲ್ಲ’ ಎಂದಿತ್ತೆಂದೂ, ಈಗ ಮಾಡುತ್ತಿದ್ದಾಳೆಂದೂ ಪಾರ್ವತಿ ಬರೆದಿದ್ದಳು. ಕೆಳಗೆ ಇನ್ನೊಂದಿತ್ತು: "ಟಿವಿಯ ಕೆಳಗಿನ ಸಾಲಿನಲ್ಲಿ ‘ಎಲ್ಲ ವಯಸ್ಸಿನವರಿಗೂ ವಿಶೇಶ ಕಾರ್ಯಕ್ರಮ’ ಅಂತ ದಿನಾ ಬರುತ್ತೆ. ಆದರೆ ‘ವಿಶೇಶ’ದ ಕೊನೆಗೆ ಬರಬೇಕಾದ್ದು ಹೊಟ್ಟೆ ಸೀಳಿದ ಷ ಅಂತ ಗಿಳಿ ಹೇಳಿತ್ತು. ಯಾವುದು ಸರಿ ಮೇಡಂ?"

ಗಿಳಿ ಹೇಳಿದ್ದೇ ಸರಿ ಎಂದು ಒಂದೇ ಸಾಲಿನ ಉತ್ತರ ಬರೆದೆ. ಅಂಚೆಗೆ ಹಾಕುವ ಮೊದಲು ಆ ಒಂದು ಸಾಲನ್ನು ನಾಲ್ಕು ಸಲ ಓದಿ ನೋಡಿದೆ.